ಅಮ್ಮಣಿಯ ಸಂಚಿ

ಬಂದ್ಯೋಡು ಪೇಟೆಯಿಂದ ಒಳಗೆ ಹೋದರೆ ಸಿಗುವ ಕನ್ನಡ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಮಕ್ಕಳಿಗೆ ಅನ್ನ ಬೇಯಿಸಿದವಳು ಅಮ್ಮಣಿ. ಉಪ್ಪು ಸರಿಯಾಯಿತೇ ಎಂದು ಬಾಯಿಗೆ ಹಾಕಿ ನೋಡಿದವಳಲ್ಲ. ಕುದಿಯುವ ಪರಿಮಳದಲ್ಲೇ ಅವಳಿಗೆ ತಿಳಿಯುತ್ತಿತ್ತು. ಅಂಥವಳ ದೊಡ್ಡಕರುಳೆಲ್ಲ ಹುಣ್ಣಾಗಿ, ಕಳೆದ ಫೆಬ್ರವರಿಯಲ್ಲಿ ಮಂಗಳೂರಿನ ಡಾಕ್ಟರರು ಅದನ್ನೇ ತೆಗೆದುಹಾಕಿದರು. ಸಣ್ಣಕರುಳಿನ ತುದಿಯನ್ನು ಹೊಟ್ಟೆಯ ಬಲಬದಿಯಲ್ಲಿ ಹೊರಗೆ ತಂದು ಹೊಲಿದು, ಅದರ ಮೇಲೊಂದು ಚೀಲ ಅಂಟಿಸಿದರು. ಇನ್ನು ಹೊರಕಡೆಗೆ ಹೋಗುವುದೆಲ್ಲ ಆ ಚೀಲಕ್ಕೇ.

ನರ್ಸ್ ಮೋಕ್ಷಿತಾ ಅದನ್ನು ಬ್ಯಾಗ್ ಎಂದದ್ದು ಅಮ್ಮಣಿಗೆ ಹಿಡಿಸಲಿಲ್ಲ. ಅವಳ ಅಜ್ಜಿ ಎಲೆಯಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಾಳಿದವಳು.

"ಇದು ನನ್ನ ಸಂಚಿ," ಎಂದಳು.

ಸಂಚಿ ಸುಲಭಕ್ಕೆ ಪಳಗಲಿಲ್ಲ. ಅಂಟು ಬಿಟ್ಟು ಸೋರಿದಲ್ಲೆಲ್ಲ ಚರ್ಮ ಸುಟ್ಟಂತೆ ಕೆಂಪಾಯಿತು. ಮನೆಗೆ ಬಂದ ಮೂರನೇ ವಾರ, ನಲ್ಲಿ ಬಿಟ್ಟ ಹಾಗೆ ತುಂಬತೊಡಗಿತು. ತಮ್ಮ ಮುದ್ದಣ್ಣನಿಗೆ ಗಾಬರಿ. ಅಕ್ಕನ ಮೈಯ ನೀರೆಲ್ಲ ಹೋಗುತ್ತಿದೆ, ಎಳನೀರಿಗಿಂತ ದೊಡ್ಡ ಮದ್ದು ಯಾವುದುಂಟು? ಅವಳು ಉಣ್ಣುತ್ತಿದ್ದ ಗಂಜಿಯನ್ನು ನಿಲ್ಲಿಸಿ, ದಿನಕ್ಕೆ ಎಂಟು ಎಳನೀರಿನ ಬೊಂಡ ಕೆತ್ತಿಕೊಟ್ಟ. ಕುಡಿದಷ್ಟೂ ಸಂಚಿ ತುಂಬಿತು. ನಾಲ್ಕನೇ ದಿನ ಮೀನಖಂಡ ಸೆಟೆದು, ಕಣ್ಣು ಗುಳಿಬಿದ್ದು, ಅಮ್ಮಣಿ ಬಚ್ಚಲ ಬಾಗಿಲಲ್ಲಿ ಕುಸಿದಳು. ಮತ್ತೆ ಆಸ್ಪತ್ರೆ, ಮತ್ತೆ ಡ್ರಿಪ್ಸ್.

"ಉಪ್ಪು ಹಿಡಿದಿಡುವ ಕರುಳೇ ಈಗ ಇಲ್ಲ," ಎಂದಳು ಮೋಕ್ಷಿತಾ. "ಬರೀ ನೀರು ಕುಡಿದರೆ ಅದು ಒಳಗಿನ ಉಪ್ಪನ್ನೂ ಎಳೆದುಕೊಂಡು ಹೋಗ್ತದೆ. ಎಳನೀರಿನಲ್ಲಿ ಉಪ್ಪು ಎಷ್ಟು ಉಂಟು ಮುದ್ದಣ್ಣನವರೇ? ಆಸ್ಪತ್ರೆಯ ಉಪ್ಪು-ಸಕ್ಕರೆಯ ಪುಡಿ ಕರಡಿದ ನೀರು ಕೊಡಿ. ಗಂಜಿಗೆ ಉಪ್ಪು ಹಾಕಿ ಕೊಡಿ."

ಅಮ್ಮಣಿ ಮಲಗಿದಲ್ಲಿಂದಲೇ ತಮ್ಮನ ಕಡೆ ತಿರುಗಿದಳು. "ಕೇಳಿತಾ ಮಾರಾಯ? ಜನ್ಮವಿಡೀ ಗಂಜಿ ಬೇಯಿಸಿದವಳನ್ನು ನೀನು ಬೊಂಡದಲ್ಲಿ ಮುಳುಗಿಸಲಿಕ್ಕೆ ಹೊರಟದ್ದು."

ಜೂನ್ ಬಂತು. ಉಪ್ಪುಗಂಜಿ ಅವಳನ್ನು ಎಬ್ಬಿಸಿ ನಿಲ್ಲಿಸಿತ್ತು. ಆದರೆ ಶಾಲೆಯ ಒಲೆ ಅವಳ ಕೈಗೆ ಮರಳುವುದು ಹೆತ್ತವರ ಸಭೆಯ ಮಾತಿನ ಮೇಲೆ ನಿಂತಿತ್ತು. ಸಭೆಯ ದಿನ, ಅಡುಗೆಗೆ ಅಡ್ಡಿಯಿಲ್ಲವೆಂದು ಡಾಕ್ಟರರು ಸಹಿ ಹಾಕಿದ ಹೆಲ್ತ್ ಕಾರ್ಡು ಮೇಜಿನ ಮೇಲಿತ್ತು; ಯಾರೂ ಅದನ್ನು ಎತ್ತಿ ನೋಡಲಿಲ್ಲ. ಅವಳ ಬದಿಯಲ್ಲೇ ಬೆಂಚಿನಲ್ಲಿದ್ದ ವಿನೀತ್ ಎದ್ದು ನಿಂತ. ಅವಳ ಕೈಯ ಅನ್ನ ಉಂಡೇ ಏಳನೇ ಕ್ಲಾಸು ಮುಗಿಸಿದವನು, ಈಗ ಒಂದನೇ ಕ್ಲಾಸಿನ ಹುಡುಗಿಯ ಅಪ್ಪ.

"ಬೇಸರ ಮಾಡಬೇಡಿ ಅಕ್ಕ. ಹೊಟ್ಟೆ ಮೇಲೆ ಅದನ್ನು ಕಟ್ಟಿಕೊಂಡು ಮಕ್ಕಳಿಗೆ ಅಡುಗೆ ಮಾಡುವುದು ಅಂದರೆ... ವಾಸನೆ ಎಲ್ಲ ಬರುವುದಿಲ್ಲವಾ?"

"ನೀನು ನನ್ನ ಬದಿಯಲ್ಲಿ ಕೂತು ಎಷ್ಟು ಹೊತ್ತಾಯಿತು?"

"ಒಂದು ಗಂಟೆ."

"ಬಂತಾ?"

ವಿನೀತ್ ಮತ್ತೆ ಬೆಂಚಿನಲ್ಲಿ ಕೂತ.

"ನಿನ್ನ ಹೊಟ್ಟೆಯಲ್ಲೂ ಅದೇ ಉಂಟು. ನಂದು ಸಂಚಿಯಲ್ಲಿ ಉಂಟು. ಸಂಚಿಯ ಬಾಯಿಗೆ ಕ್ಲಿಪ್ಪು ಉಂಟು, ನಿನ್ನ ಬಾಯಿಗೆ ಇಲ್ಲ. ಅದನ್ನು ಖಾಲಿ ಮಾಡಿ ಬಂದಾಗಲೆಲ್ಲ ನಾನು ಮೊಣಕೈವರೆಗೆ ಸೋಪು ಹಾಕ್ತೇನೆ. ನೀವೆಲ್ಲ ಎಲ್ಲಿವರೆಗೆ ಹಾಕ್ತೀರಿ?"

ಹಿಂದಿನ ಬೆಂಚಿನ ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು. ಹೆಡ್‌ಮಾಷ್ಟ್ರು ಕೇಶವಪ್ರಸಾದ ಗಂಟಲು ಸರಿಮಾಡಿಕೊಂಡರು. "ಒಂದು ತಿಂಗಳು ನೋಡುವ ಅಮ್ಮಣಿಯಕ್ಕ."

"ನೋಡಿ ಮಾಷ್ಟ್ರೇ. ದೂರ ನಿಂತು ಅಲ್ಲ, ಉಂಡು ನೋಡಿ. ಮೊದಲನೇ ಪಂಕ್ತಿಗೆ ಇವನೂ ಬರಲಿ."

ಸೋಮವಾರ ವಿನೀತ್ ಬಂದ, ಮಗಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಅಮ್ಮಣಿ ಅನ್ನ ಬಡಿಸಿ, ಹೆಸರುಕಾಳಿನ ಪಲ್ಯ ಹಾಕಿ, ಅವನು ಎರಡು ತುತ್ತು ಉಣ್ಣುವವರೆಗೆ ಅಲ್ಲೇ ನಿಂತಳು.

"ಉಪ್ಪು ಸಾಕಾ?"

"ಸಾಕು ಅಕ್ಕ."

"ನನಗೆ ಸಾಲದು," ಎಂದ ಅಮ್ಮಣಿ ಒಳಗೆ ಹೋಗಿ, ತನ್ನ ಗಂಜಿಯ ಬಟ್ಟಲಿಗೆ ಇನ್ನೊಂದು ಚಿಟಿಕೆ ಹಾಕಿಕೊಂಡಳು.