ಗುಂಡಿ ಸುರಿಸಿದ ಲಕ್ಷ್ಮಿ

ಸವದತ್ತಿಯ ಪೇಟೆಯಲ್ಲಿ ನಮ್ಮಪ್ಪನದು ಹೊಲಿಗೆ ಅಂಗಡಿ. ಎಪ್ಪತ್ತರ ದಶಕದ ಆ ವರ್ಷ ನಾನು ಮೆಟ್ರಿಕ್ ಮುಗಿಸಿ, ಧಾರವಾಡಕ್ಕೆ ಚಿತ್ರಕಲೆ ಕಲಿಯಲು ಹೋಗುತ್ತೇನೆಂದು ಹಟ ಹಿಡಿದಿದ್ದೆ. ಅಪ್ಪ ಹೂಂ ಅನ್ನಲೊಲ್ಲ, ಉಹೂಂ ಅನ್ನಲೊಲ್ಲ. "ದೀಪಾವಳಿ ಆಗಲಿ, ಆಮ್ಯಾಲ ಹೇಳತೇನಿ" ಅಂದಿದ್ದ.

ಸಾಲೆಯ ಡ್ರಾಯಿಂಗ್ ಮಾಸ್ತರರು ಒಮ್ಮೆ ಹಳೆಯ ವಿದೇಶಿ ಮಾಸಿಕದಲ್ಲಿ ಒಂದು ಚಿತ್ರ ತೋರಿಸಿದ್ದರು. ಇಗರ್ಜಿಯಲ್ಲಿ ತೂಗುಹಾಕುವಂಥ ಮೇರಿ ಮಾತೆಯ ಚಿತ್ರ. ಮಡಿಲಲ್ಲಿ ಕೂಸಿನ ಬದಲು ಗಡಿಯಾರದ ಚಕ್ರಗಳು! ಯಾರೋ ಕತ್ತರಿಸಿ ಅಂಟಿಸಿದ್ದು. "ಯುರೋಪಿನಾಗ ಇಂಥಾದ್ದು ಮಾಡೂ ಕಲಾವಿದರಿಗೆ ದಾದಾ ಪಂಥದವರು ಅಂತಾರ" ಎಂದರು. ನನಗೆ ಪಂಥ ತಿಳಿಯಲಿಲ್ಲ, ಕತ್ತರಿ ತಿಳಿಯಿತು. ಹೊಲಿಗೆಯವನ ಮಗಳಿಗೆ ಅದನ್ನು ಬೇರೆ ಹೇಳಿಕೊಡಬೇಕೆ?

ಹಳೇ ಕ್ಯಾಲೆಂಡರಿನ ಲಕ್ಷ್ಮಿಯನ್ನು ಕಮಲದಿಂದ ಎಬ್ಬಿಸಿ ಹೊಲಿಗೆ ಮಷೀನಿನ ಮೇಲೆ ಕೂರಿಸಿದೆ. ನೀರೆರೆಯುವ ಆನೆಗಳು ಹೋಗಿ ಕಬ್ಬಿನ ಲಾರಿಗಳು ಬಂದವು. ಅಂಗೈಯಿಂದ ನಾಣ್ಯಗಳ ಬದಲು ಅಂಗಿಯ ಗುಂಡಿ ಸುರಿದವು. ಪಾದಗಳನ್ನು ಮಾತ್ರ ಮುಟ್ಟಲಿಲ್ಲ. ಅಷ್ಟು ಭಯ ಇತ್ತು. ರಟ್ಟಿಗೆ ಅಂಟಿಸಿ, ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಹಬ್ಬಕ್ಕೆ ಹೊಸ ಲಕ್ಷ್ಮಿ ಪಟಕ್ಕೆ ಕಟ್ಟು ಹಾಕಿಸಲು ಅಪ್ಪ ನನ್ನನ್ನೇ ಕಳಿಸಿದ. ನನ್ನ ಲಕ್ಷ್ಮಿಯನ್ನು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಹೊಸ ಪಟದ ಹಿಂದೆ ಸೇರಿಸಿ ಕೊಟ್ಟುಬಂದೆ. ಕಟ್ಟು ಹಾಕುವವನು ರಟ್ಟಿನ ಮೇಲಿದ್ದವಳೇ ಲಕ್ಷ್ಮಿಯೆಂದು ತಿಳಿದು, ಅವಳನ್ನೇ ಮುಂದಕ್ಕೆ ತಂದು ಗಾಜು ಕೂರಿಸಿ, ಪೂಜೆಯ ಸಂಜೆ ಪೇಪರು ಸುತ್ತಿ ಅಂಗಡಿಗೆ ತಲುಪಿಸಿದ. ಕಣ್ಣು ಮಂಜಾದ ಅಜ್ಜಿ ಅದನ್ನು ಬಿಚ್ಚಿ, ಕುಂಕುಮ ಹಚ್ಚಿ, ಚೆಂಡುಹೂವಿನ ದಪ್ಪ ಹಾರ ಏರಿಸಿದಳು. ನಾನು ಬರುವಷ್ಟರಲ್ಲಿ ಕಾಣುತ್ತಿದ್ದದ್ದು ಮುಖ, ಪಾದ ಅಷ್ಟೆ.

ಆರತಿ ಆಯಿತು. ಕಾಯಿ ಒಡೆದದ್ದೇ ತಡ, ಹಾರ ಜಾರಿತು.

ಲಾರಿ! ಗುಂಡಿ! ಮಷೀನು! ಪೂಜೆಗೆ ಬಂದಿದ್ದ ನೆರೆಯವರ ಮುಗಿದ ಕೈಗಳು ಮುಗಿದಂತೆಯೇ ಉಳಿದವು. ಧಾರವಾಡದ ಆಸೆ ಮುಗಿಯಿತು ಎಂದುಕೊಂಡೆ, ಆದರೂ ಹಾಳು ನಗು ನಿಲ್ಲಲೊಲ್ಲದು.

"ತಗೀರಿ ಇದನ್ನ! ಹರದ ಒಗೀರಿ!" ಅಪ್ಪ ಗುಡುಗಿದ.

"ಆರತಿ ಆಗೇತಿ, ಕುಂಕುಮ ಏರೇತಿ" ಎಂದಳು ಅಜ್ಜಿ. "ಇನ್ನ ಅಕಿ ದೇವರು. ಯಾವ ಕೈಲೆ ಹರೀತಿ, ಹರಿ ನೋಡೂಣು."

ಪೂಜೆಯಾದ ಪಟ ಹರಿಯುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಬೇರೆ ದಾರಿ ಕಾಣದೆ ಅಪ್ಪ ಮೂಗಿನ ಮೇಲೆ ಚಾಳೀಸು ಏರಿಸಿ ಪಟದ ಹತ್ತಿರ ಬಗ್ಗಿದ. ನೋಡಿದ, ಮತ್ತೆ ನೋಡಿದ.

"ಮಷೀನಿನ ಗಾಲಿ ತಿರುಗಿಸೂ ಪಟ್ಟಾನ ಇಲ್ಲಲ್ಲ! ಹೆಂಗ ಹೊಲೀತಾಳ ತಾಯಿ?"

"ಕತ್ತರಸೂಮುಂದ ಹೋತಪಾ" ಎಂದುಬಿಟ್ಟೆ.

ಅಪ್ಪ ಮೆಲ್ಲಗೆ ನನ್ನ ಕಡೆ ತಿರುಗಿದ.

"ಧಾರವಾಡದಾಗ ಇದನ್ನರ ನೆಟ್ಟಗ ಕಲಸ್ತಾರೇನು?"

"ಕಲಸ್ತಾರ" ಎಂದೆ, ಏನೂ ಗೊತ್ತಿಲ್ಲದೆ.

"ಹಂಗಾರ ಹೋಗಿ ಕಲತ ಬಾ. ಬರೂ ದೀಪಾವಳಿಗೆ ಅಕಿ ಮಷೀನಿಗೆ ಪಟ್ಟಾ ಇರಬೇಕು."