ಬಿಚ್ಚಿದ ಬೀರುವಿಗೆ ಗ್ಯಾರಂಟಿ ಇಲ್ಲವಂತೆ

ಗೆಳತಿಯರೇ, ಇವತ್ತು ತುಮಕೂರಿನ ಬೀರು ಅಂಗಡಿಯಲ್ಲಿ ಕೇಳಿದ ಮಾತನ್ನು ನೀವೂ ಕೇಳಿ. ಮಗಳ ಮದುವೆಗೆಂದು ಬಿಚ್ಚಿ ಜೋಡಿಸಬಹುದಾದ ಮರದ ಬೀರು ಅಲ್ಲೇ ಕೊಂಡಿದ್ದೆ, ಎರಡು ವರ್ಷ ಗ್ಯಾರಂಟಿ. ತವರಿನ ಉಡುಗೊರೆ ಪೂಜೆಯಾಗದೆ ಹೊರಡಬಾರದಲ್ಲ, ಗುಬ್ಬಿಯ ನಮ್ಮ ಮನೆಯಲ್ಲಿ ಜೋಡಿಸಿ, ವಿಭೂತಿ ಕುಂಕುಮ ಇಟ್ಟು, ಆಮೇಲೆ ಬಿಚ್ಚಿ ಬಸ್ಸಿನ ಮೇಲೆ ಹಾಕಿ ಕುಣಿಗಲ್ಲಿನ ಬೀಗರ ಮನೆಗೆ ಕಳಿಸಿದೆವು. ತಿಂಗಳಾಗಲಿಲ್ಲ, ಬಾಗಿಲು ಕಳಚಿ ಬೀಗಿತ್ತಿಯ ಕಾಲ ಬಳಿಯೇ ಬಿತ್ತು. "ನಿಮ್ಮವ್ವ ಬಲು ಗಟ್ಟಿ ಸಾಮಾನೇ ಕೊಟ್ಟವ್ರೆ ಕಣವ್ವ" ಅಂದರಂತೆ. ಮಗಳು ಅಳುತ್ತಾ ಹೇಳಿಕಳಿಸಿದಳು.

ಇವತ್ತು ಅಂಗಡಿಗೆ ಹೋಗಿ, ಗ್ಯಾರಂಟಿ ಮೇಲೆ ಬಾಗಿಲು ಸರಿಮಾಡಿಸಿಕೊಡಿ ಅಂದೆ. ಸಾಹುಕಾರರು ಕೂತಲ್ಲಿಂದಲೇ ಹೇಳಿದರು: "ಮೊದ್ಲು ಜೋಡ್ಸಿದ್ ಮನೇಲೇ ಇದ್ರೆ ಮಾತ್ರ ಗ್ಯಾರಂಟಿ ಕಣಮ್ಮ. ನೀವ್ ಬಿಚ್ಚಿದ್ರಲ್ಲ."

"ಬಿಚ್ಬೋದು ಅಂತ ಹೇಳಿ ಮಾರಿದ್ದು ನೀವೇ ಅಲ್ವೇನಪ್ಪ?"

"ಬಿಚ್ಬೋದು ಅಂದ್ವಿ. ಬಿಚ್ಚಿ ಅಂದ್ವಾ?"

ಶಿವನೇ, ಬೀಗಿತ್ತಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಬೀರುವನ್ನು ಗುಬ್ಬಿಯಲ್ಲೇ ಇಟ್ಟುಕೊಂಡು ಅಳಿಯನನ್ನು ಮನೆಯಳಿಯ ಮಾಡಿಕೊಂಡಿದ್ದರೆ ಗ್ಯಾರಂಟಿಯಾದರೂ ಉಳಿಯುತ್ತಿತ್ತು.