ಮಾವನವರು ಮುಟ್ಟದ ನಾಣ್ಯ

ನಮ್ಮ ಮಾವನವರ ಬಲಗೈಯಲ್ಲಿದ್ದದ್ದು ಮೂರೇ ಬೆರಳು. ಆ ಮೂರೂ ಸದಾ ಎಣ್ಣೆಯಲ್ಲಿ ಮಿನುಗುತ್ತಿದ್ದವು. ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ದುಡಿಯುವವರ ಮೈಯೇ ಹಾಗೆ. ಶೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಜಿಡ್ಡು ಬಿಡುತ್ತಿರಲಿಲ್ಲ. ಅವರು ಹಿಡಿದ ಲೋಟ, ಬಾಗಿಲ ಚಿಲಕ, ಸಂಬಳದ ನೋಟು ಎಲ್ಲದಕ್ಕೂ ಅದೇ ವಾಸನೆ.

ಉಳಿದೆರಡು ಬೆರಳುಗಳನ್ನು ಮಿಲ್ಲಿನ ಯಂತ್ರ ನುಂಗಿತ್ತು. ಬಂದ ಪರಿಹಾರದಲ್ಲಿ ಎಮ್ಮೆ ಕೊಳ್ಳೋಣ ಎಂದು ಅತ್ತೆ ಆಸೆಪಟ್ಟಿದ್ದರಂತೆ. ಮಾವನವರಿಗೆ ಮಾತ್ರ ಮಿಲ್ಲಿನ ಸಾಹುಕಾರರ ಮೇಜಿನ ಮೇಲೆ ಕಂಡಿದ್ದ ಒಂದು ನಾಣ್ಯದ ಹುಚ್ಚು ಹಿಡಿದಿತ್ತು. ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ್ದಕ್ಕೆ ಸರ್ಕಾರ ಅಚ್ಚು ಹಾಕಿಸಿದ ಬೆಳ್ಳಿ ಬೆರೆತ ನಾಣ್ಯ ಅದು. ಮಿಲ್ಲಿನ ಗುಮಾಸ್ತರ ಕೈಯಲ್ಲಿ ಅರ್ಜಿ ತುಂಬಿಸಿ, ಬ್ಯಾಂಕಿನಲ್ಲಿ ಡಿಡಿ ತೆಗೆಸಿ ಮುಂಬಯಿಯ ಟಂಕಸಾಲೆಗೆ ಕಳಿಸಿದರು. ತಿಂಗಳುಗಟ್ಟಲೆ ಕಾದ ಮೇಲೆ ಅಂಚೆಯಲ್ಲಿ ಎರಡು ನಾಣ್ಯ ಬಂದವಂತೆ.

“ಎರಡು ಬೆರಳು ಕೊಟ್ಟು ಎರಡು ಬಿಲ್ಲೆ ತಂದೈತೆ ನಮ್ಮನೆ ಗಂಡಸು” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ದೇವಸಮುದ್ರದಿಂದ ಸೊಸೆಯಾಗಿ ಬಂದ ಹೊಸದರಲ್ಲಿ, ಸಂಜೆ ಸ್ನಾನವಾದ ಮೇಲೆ ಮಾವನವರು ಟ್ರಂಕಿನ ಮುಂದೆ ಕೂರುವುದನ್ನು ಕಂಡು ಒಳಗೆ ಮನೆದೇವರಿದೆ ಎಂದುಕೊಂಡಿದ್ದೆ. ಒಂದು ದಿನ ನನ್ನನ್ನೂ ಕರೆದರು. ಪಾರದರ್ಶಕ ಡಬ್ಬಿಯನ್ನು ಪಂಚೆಯ ತುದಿಯಲ್ಲಿ ಹಿಡಿದು ತೋರಿಸಿದರು. ಒಳಗಿನ ನಾಣ್ಯ ಕನ್ನಡಿಯ ಹಾಗಿತ್ತು. ನನ್ನ ಮೂಗುಬೊಟ್ಟು ಅದರಲ್ಲಿ ಕಾಣಿಸಿತು.

“ತೆಗೆದ್ರೆ ಅಂಚು ಹಿಡೀಬೇಕವ್ವ. ಮುಖ ಮುಟ್ಟಬಾರ್ದು. ಒಂದು ಸಲ ಬೆರಳು ತಾಗಿದ್ರೆ ಆ ಗುರ್ತು ಹೋಗಲ್ಲ.”

“ನೀವು ಒಂದು ಸಲನಾದ್ರೂ ಮುಟ್ಟೀರಾ ಮಾವ?”

“ನಾ ಮುಟ್ಟಿದ್ದೆಲ್ಲ ಜಿಡ್ಡಾಗ್ತೈತೆ. ಇದೊಂದು ಹಂಗಾಗದು ಬ್ಯಾಡ ಅಂತ.”

ಒಲೆಯ ಮುಂದಿದ್ದ ಅತ್ತೆ ತುಟಿ ಕೊಂಕಿಸಿದರು.

ಆ ವರ್ಷದ ದೀಪಾವಳಿಗೆ ಮಾವನವರು ಮಿಲ್ಲಿಗೆ ಹೋಗಿದ್ದಾಗ ಅತ್ತೆ ಟ್ರಂಕು ತೆಗೆದರು. “ಲಕ್ಷ್ಮೀನ ಕತ್ತಲಾಗೆ ಕೂಡಿಹಾಕಿದ್ರೆ ಮನೆ ಉದ್ಧಾರ ಆಗ್ತೈತಾ?” ಎನ್ನುತ್ತ ಒಂದು ಡಬ್ಬಿ ಬಿಚ್ಚಿ, ನಾಣ್ಯವನ್ನು ಪೂಜೆಯ ಪಾತ್ರೆಗಳ ಜೊತೆ ಹಾಕಿಕೊಂಡು ಹುಣಸೆಹಣ್ಣು, ಬೂದಿಯಲ್ಲಿ ತಿಕ್ಕತೊಡಗಿದರು. ನಾನು “ಬೇಡ ಅತ್ತೆ, ಮಾವ ಬೈತಾರೆ” ಎಂದೆ.

“ಬೈಲಿ ಬಿಡು. ಹಂಗಾದ್ರೂ ನನ್ ಕೂಡ ನಾಲ್ಕು ಮಾತಾಡ್ಲಿ.”

ಅತ್ತೆ ಕೆಟ್ಟದ್ದು ಬಯಸಿರಲಿಲ್ಲ. ವೀಳ್ಯದೆಲೆಯ ಮೇಲಿಟ್ಟು ಕುಂಕುಮ ಹಚ್ಚಿ, ಗಂಡ ಬರುವುದನ್ನೇ ಕಾಯುತ್ತ ಕೂತಿದ್ದರು. ಮಾವನವರು ಬಂದರು, ನೋಡಿದರು. ಕನ್ನಡಿ ಹೋಗಿ ಅಲ್ಲಿ ಬರೀ ಗೀರುಗಳಿದ್ದವು.

“ಇನ್ನೊಂದು?” ಎಂದರು.

“ಅದರ ಡಬ್ಬಿ ಬಿಚ್ಚಾಕೆ ಬರ್ಲಿಲ್ಲ” ಎಂದರು ಅತ್ತೆ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂದಿನಿಂದ ಹೆಂಡತಿಯೊಡನೆ ಮಾತೇ ಬಿಟ್ಟರು. ಎದುರಿಗೇ ಕೂತಿದ್ದರೂ “ನಿಮ್ಮತ್ತೆಗೆ ಹೇಳವ್ವ, ನೀರು ಕಾಸ್ಲಿ” ಎಂದು ನನಗೆ ಹೇಳುವರು. “ಕಾದೈತಂತೆ ಅನ್ನು” ಎಂದು ಅತ್ತೆಯೂ ನನಗೇ ಹೇಳುವರು. ಹಟದಲ್ಲಿ ಇಬ್ಬರೂ ಒಂದೇ. ನಡುವೆ ಅಂಚೆಯವಳಾಗಿ ನನಗೆ ಸಾಕುಸಾಕಾಗಿತ್ತು. ಮಾವನವರನ್ನು ನಾನು ತುಂಬ ಪ್ರೀತಿಸುತ್ತಿದ್ದೆ, ಆದರೆ ಈ ಒಂದು ವಿಷಯದಲ್ಲಿ ಅವರು ಕಲ್ಲು. ಒಮ್ಮೆ ತಡೆಯಲಾರದೆ, “ಒಂದು ಬಿಲ್ಲೆಗೋಸ್ಕರ ಇಷ್ಟಾ ಮಾವ?” ಎಂದು ಕೇಳಿಯೂಬಿಟ್ಟೆ. ಅವರು ಎದ್ದು ಹೊರಗೆ ಹೋದರು.

ಹೊರಗಿನ ಅಗ್ಗದ ಎಣ್ಣೆ ಬಂದು ಊರಿನ ಮಿಲ್ಲುಗಳು ಒಂದೊಂದಾಗಿ ನಿಂತವು. ಮಾವನವರು ದುಡಿಯುತ್ತಿದ್ದದ್ದೂ ನಿಂತಿತು. ಮನೆಯಲ್ಲಿ ಕೂತು ಕೂತು ಮಾವನವರ ಬೆರಳುಗಳು ಒಣಗಿ ಬಿರುಕು ಬಿಟ್ಟವು. ವಾಸನೆಯೂ ಹೋಯಿತು.

ಟ್ರಂಕು ತೆರೆದು ಕೂತಿದ್ದವರನ್ನು “ಈಗ ಮುಟ್ಟಬಹುದಲ್ಲ ಮಾವ?” ಎಂದು ಕೇಳಿದೆ.

“ಈಗ ಮುಟ್ಟಿ ಏನೈತವ್ವ” ಎಂದು ಟ್ರಂಕು ಮುಚ್ಚಿದರು.

ಕೆಮ್ಮು ಹಿಡಿದಿತ್ತು, ಬಿಡಲಿಲ್ಲ. ಕೊನೆಯ ವಾರ ಅತ್ತೆ ಹಗಲೂ ರಾತ್ರಿ ಎದೆ ನೀವಿದರು. ಮಾವನವರು ಕೈ ತಳ್ಳಲಿಲ್ಲ, ಮಾತೂ ಆಡಲಿಲ್ಲ. ಹಾಗೇ ಹೋದರು.

ಹೆಣದ ಹಣೆಗೆ ನಾಣ್ಯ ಅಂಟಿಸುವುದು ನಮ್ಮ ಕಡೆಯ ರೂಢಿ. ಯಾರೋ ಜೇಬಿನಿಂದ ಒಂದು ರೂಪಾಯಿ ತೆಗೆದರು. “ತಡೀರಿ” ಎಂದು ಅತ್ತೆ ಒಳಗೆ ಹೋದರು. ಎಲೆ ಅಡಿಕೆ ಕುಟ್ಟುವ ಕಲ್ಲಿನಿಂದ ಆ ಉಳಿದ ಡಬ್ಬಿಯ ಅಂಚನ್ನು ಮೆಲ್ಲಗೆ ಒಡೆದರು. ಸೆರಗಿಗೆ ಕೈ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಎರಡೇ ಬೆರಳಲ್ಲಿ ನಾಣ್ಯ ಹಿಡಿದು ತಂದು ಗಂಡನ ಮುಖದ ಹತ್ತಿರ ಬಗ್ಗಿದರು.

“ಅಂಚೇ ಹಿಡಿದೀನಿ, ನೋಡ್ರಿ. ಮುಖ ಮುಟ್ಟಿಲ್ಲ.”

ಅಷ್ಟು ವರ್ಷಗಳಲ್ಲಿ ಅತ್ತೆ ನನ್ನ ಮೂಲಕವಲ್ಲದೆ ಗಂಡನಿಗೆ ಆಡಿದ ಮೊದಲ ಮಾತು ಅದು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಹೆಣ ಎತ್ತುವ ಮುಂಚೆ ಹಿರಿಯರೊಬ್ಬರು, ಬೆಳ್ಳಿಯದು, ಮಣ್ಣುಪಾಲಾಗುವುದೇಕೆ ಎಂದು ಹಣೆಯ ನಾಣ್ಯ ತೆಗೆಯಲು ಕೈ ಚಾಚಿದರು.

“ಮುಟ್ಬ್ಯಾಡ್ರಿ” ಎಂದರು ಅತ್ತೆ.